ಕೂಲಿಮಠದ ಹಿರಿಯ ಹುಡುಗ

ಮದ್ರಾಸಿನ ಎಗ್ಮೋರಿನಲ್ಲಿದ್ದ ಗಂಡುಮಕ್ಕಳ ಅನಾಥಾಲಯದ ಹೊಣೆಯನ್ನು 1789ರಲ್ಲಿ ಹೊತ್ತ ಪಾದ್ರಿ ಆಂಡ್ರೂ ಬೆಲ್, ಊರ ಶಾಲೆಯೊಂದರಲ್ಲಿ ಮಕ್ಕಳು ನೆಲದ ಮೇಲೆ ಕೂತು ಮರಳಿನಲ್ಲಿ ಬೆರಳಿಂದ ಅಕ್ಷರ ತಿದ್ದುವುದನ್ನು ಕಂಡರು. ತಮ್ಮಲ್ಲೂ ಹಾಗೆ ಕಲಿಸಿ ಎಂದಾಗ ಅನಾಥಾಲಯದ ಉಪಾಧ್ಯಾಯರು ಅದು ಆಗದ ಕೆಲಸ ಎಂದುಬಿಟ್ಟರು. ಬೆಲ್ ಅದನ್ನು ಸುಮಾರು ಎಂಟು ವರ್ಷದ ಜಾನ್ ಫ್ರಿಸ್ಕನ್ ಎಂಬ ಹುಡುಗನಿಗೆ ವಹಿಸಿದರು. ಅವನು ಕಲಿಸಿ ತೋರಿಸಿದ. ದೊಡ್ಡವರದು ಬರೀ ಸೋಮಾರಿತನ ಎನ್ನಬಹುದು. ನನಗೆ ಹಾಗನ್ನಿಸುವುದಿಲ್ಲ. ಪಾಠ ಹೇಳುವುದೆಂದರೆ ಹೀಗೆಯೇ ಎಂಬ ನಂಬಿಕೆ ಅವರಲ್ಲಿ ತಾವು ಕಲಿತ ಕೋಣೆಯಲ್ಲೇ ಗಟ್ಟಿಯಾಗಿತ್ತು; ಹುಡುಗನಲ್ಲಿ ಅದಿನ್ನೂ ಹಸಿಯಾಗಿತ್ತು.

ಇದಕ್ಕೆ ಇನ್ನೂ ಬಲವಾದ ಸಾಕ್ಷ್ಯ ನಮ್ಮ ಬಳ್ಳಾರಿಯಲ್ಲಿದೆ. ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ಕೇಳಿದ್ದ ಶಾಲೆಗಳ ಲೆಕ್ಕಕ್ಕೆ ಕಲೆಕ್ಟರ್ ಕ್ಯಾಂಪ್‌ಬೆಲ್ ಮರುವರ್ಷ ವರದಿ ಬರೆದರು: ಜಿಲ್ಲೆಯಲ್ಲಿ 533 ಶಾಲೆ, 6,641 ವಿದ್ಯಾರ್ಥಿಗಳು. ಅವುಗಳಲ್ಲಿ 235 ಕನ್ನಡದವು. ಮುಂದಿದ್ದ ಮಕ್ಕಳಿಂದ ಹಿಂದಿದ್ದವರಿಗೆ ಕಲಿಸುವ ಪದ್ಧತಿಯನ್ನು ಅವರು ಮನಸಾರೆ ಮೆಚ್ಚಿದರು. ಬೆಳಿಗ್ಗೆ ಮೊದಲು ಬಂದವನ ಅಂಗೈ ಮೇಲೆ ಸರಸ್ವತಿಯ ಹೆಸರು, ಎರಡನೆಯವನಿಗೆ ಸೊನ್ನೆ, ಮೂರನೆಯವನಿಗೆ ಮೆಲ್ಲಗೊಂದು ಬೆತ್ತದೇಟು, ಆಮೇಲೆ ಬಂದವರಿಗೆ ಒಂದೊಂದು ಏಟು ಹೆಚ್ಚು ಎಂಬುದನ್ನೂ ಬರೆದರು. ಅರ್ಥವಾಗದ ಪದ್ಯಗಳ ಬಾಯಿಪಾಠವನ್ನು ಮಾತ್ರ ಕಟುವಾಗಿ ಟೀಕಿಸಿದರು. ಅಂದರೆ ಕೂಲಿಮಠ ಎನ್ನುತ್ತಿದ್ದ ಇಂಥ ಊರ ಶಾಲೆಯಲ್ಲಿ, ಕಿರಿಯರಿಗೆ ಕಲಿಸುತ್ತಿದ್ದ ಹಿರಿಯ ಹುಡುಗನಿಗೆ ದಕ್ಕಿದ್ದು ಅಕ್ಷರವಷ್ಟೇ ಅಲ್ಲ. ಕಲಿಸುವಾಗ ಏನು ಸಹಜ, ಯಾವುದು ಶಿಕ್ಷೆಗೆ ತಕ್ಕದ್ದು, ಅರ್ಥ ಕೇಳುವುದು ಬೇಕೋ ಬೇಡವೋ ಎಂಬುದೆಲ್ಲ ಅವನಿಗೆ ಅಲ್ಲೇ ರೂಢಿಯಾಯಿತು. ಮುಂದೆ ಅವನೇ ಐಗಳಾದರೆ, ಅಂದರೆ ಮಠದ ಉಪಾಧ್ಯಾಯನಾದರೆ, ಕೈಗೆ ಮೊದಲು ಬರುವುದು ಯಾವುದು ಎಂದು ಊಹಿಸುವುದು ಕಷ್ಟವಲ್ಲ.

ಹಿರಿಯ ಹುಡುಗರಿಂದ ಕಲಿಸುವುದು ಅಗ್ಗದ ಉಪಾಯವಷ್ಟೇ, ಅದರಿಂದ ಯಾವ ಕೌಶಲವೂ ಬೆಳೆಯದು ಎಂಬ ಆಕ್ಷೇಪವಿದೆ. ಇಂಗ್ಲೆಂಡಿನ ಮಟ್ಟಿಗೆ ಅದು ಬಹಳಷ್ಟು ನಿಜ: ಬೆಲ್ ಮತ್ತು ಅಲ್ಲಿನ ಶಿಕ್ಷಕ ಲ್ಯಾಂಕಾಸ್ಟರ್ ಹರಡಿದ ಇದೇ ಪದ್ಧತಿ ಅಲ್ಲಿ ನೂರಾರು ಮಕ್ಕಳನ್ನು ಒಂದೇ ಹಜಾರದಲ್ಲಿ ಕೂರಿಸಿ ಯಾಂತ್ರಿಕವಾಯಿತು. ಬಳ್ಳಾರಿಯಲ್ಲಿ ಒಂದು ಶಾಲೆಗೆ ಸರಾಸರಿ ಹನ್ನೆರಡು ಮಕ್ಕಳು. ಹಿರಿಯವನು ಕಿರಿಯವನ ಪಕ್ಕದಲ್ಲೇ ಕೂತು ಅವನ ತಪ್ಪನ್ನು ನೋಡಬಹುದಿತ್ತು. ಈ ವ್ಯತ್ಯಾಸ ದೊಡ್ಡದು, ಏಕೆಂದರೆ ಬರೀ ಎದುರು ಕೂತು ನೋಡಿದರೆ ಕಲಿಸುವುದು ತಿಳಿಯದು. ಅಮೆರಿಕದ ಸಮಾಜಶಾಸ್ತ್ರಜ್ಞ ಡ್ಯಾನ್ ಲಾರ್ಟಿ 1975ರಲ್ಲಿ ಲೆಕ್ಕ ಹಾಕಿದಂತೆ, ಹೈಸ್ಕೂಲು ಮುಗಿಸುವ ಹೊತ್ತಿಗೆ ವಿದ್ಯಾರ್ಥಿ ಸುಮಾರು 13,000 ಗಂಟೆ ಶಿಕ್ಷಕರ ಎದುರು ಕಳೆದಿರುತ್ತಾನೆ. ಆದರೆ ಪಾಠದ ಹಿಂದಿನ ಯೋಚನೆ, ತಯಾರಿ ಅವನ ಕಣ್ಣಿಗೆ ಬೀಳುವುದಿಲ್ಲ. ಕೂಲಿಮಠದ ಹುಡುಗ ಎರಡೂ ಬದಿಯಲ್ಲಿ ಕೂತಿದ್ದ, ಬೆತ್ತದ ಎರಡೂ ತುದಿಯನ್ನು ಕಂಡಿದ್ದ. ಇಂದಿನ ಬಿ.ಎಡ್. ವಿದ್ಯಾರ್ಥಿ ತರಗತಿಗೆ ಕಾಲಿಡುವಾಗ ಅವನ ಬೆನ್ನಿಗಿರುವುದು ಎದುರುಬದಿಯಿಂದ ನೋಡಿದ ಆ ಸಾವಿರಾರು ಗಂಟೆಗಳೇ.