ಶರಣರ ಆಪತ್ಕಾಲವೂ ಲಿಂಗಧ್ಯಾನವೂ

ಯಾವುದೊಂದು ಧರ್ಮದ ಸತ್ತ್ವವೂ ಅದರ ವೈಭವದ ದಿನಗಳಿಗಿಂತ ವಿಪತ್ತಿನ ದಿನಗಳಲ್ಲಿಯೇ ಚೆನ್ನಾಗಿ ತಿಳಿಯಬರುವುದು. ಅರಸರ ಆಶ್ರಯವಿರುವಾಗ ಗುಡಿಗೋಪುರಗಳು ಏಳುವುವು. ದತ್ತಿ ಉಂಬಳಿಗಳು ಒದಗುವುವು. ಉತ್ಸವಗಳು ಸಾಂಗವಾಗಿ ಜರುಗುವುವು. ಆ ಆಶ್ರಯವು ತಪ್ಪಿ, ಬಾಳಿದ ಊರನ್ನು ಬಿಡಬೇಕಾಗಿ ಬಂದು, ಜೊತೆಗಾರರು ದಿಕ್ಕುದಿಕ್ಕಿಗೆ ಅಗಲಿ, ನಾಳೆ ಏನೆಂಬುದೇ ತೋರದಿರುವಾಗ ಭಕ್ತನ ಪಾಲಿಗೆ ಉಳಿಯುವುದೇನು? ಶರಣರ ಇತಿಹಾಸವು ಈ ಪ್ರಶ್ನೆಗೆ ಕೊಟ್ಟ ಉತ್ತರವು ವಿಶಿಷ್ಟವಾದುದು. ಅವರ ದೇವಾಲಯವು ಅವರ ಅಂಗೈಯಲ್ಲಿಯೇ ಇದ್ದಿತು. ಆದುದರಿಂದ ಊರು ಕೆಟ್ಟಾಗಲೂ ಪೂಜೆಯು ಕೆಡಲಿಲ್ಲ. ಆದರೆ ಅಷ್ಟಕ್ಕೇ ಅವರು ತೃಪ್ತರಾಗಲಿಲ್ಲ. ಧ್ಯಾನದಿಂದ ದೊರೆತ ಸಮಾಧಾನವು ಮರಳಿ ಲೋಕಕ್ಕೆ ಏನನ್ನು ಕೊಟ್ಟಿತೆಂಬುದರಿಂದಲೇ ಅವರು ಆ ಧ್ಯಾನದ ಬೆಲೆಯನ್ನು ಕಟ್ಟುತ್ತಿದ್ದರು. ಈ ಎರಡು ಸಂಗತಿಗಳನ್ನು ಒಟ್ಟಿಗೆ ನೋಡಿದಾಗಲೇ ಇಷ್ಟಲಿಂಗೋಪಾಸನೆಯ ಚಾರಿತ್ರಿಕ ಮಹತ್ತ್ವವು ವಿದಿತವಾಗುವುದು.

ಸಂಗಮದಿಂದ ಮಂಗಳವಾಡಕ್ಕೆ

ಬಸವಣ್ಣನವರ ಚರಿತೆಯನ್ನು ಬರೆದವರಲ್ಲಿ ಹರಿಹರ ಕವಿಯೇ ಪ್ರಾಚೀನನು. ಆತನ ನಿರೂಪಣೆಯಂತೆ ಬಸವಣ್ಣನವರು ಬಾಲ್ಯದಲ್ಲಿಯೇ ತಾಯಿತಂದೆಗಳನ್ನು ಕಳೆದುಕೊಂಡರು. ಪ್ರಾಯಕ್ಕೆ ಬಂದ ಮೇಲೆ ಜನಿವಾರವನ್ನು ತೊರೆದು, ಮನೆಯನ್ನು ಬಿಟ್ಟು, ಕೃಷ್ಣಾ ಮಲಪ್ರಭೆಗಳು ಕೂಡುವ ಸಂಗಮಕ್ಷೇತ್ರವನ್ನು ಸೇರಿ, ಅಲ್ಲಿ ಹೂಗಳನ್ನೆತ್ತಿ ತಂದು ಸಂಗಮನಾಥನನ್ನು ಅರ್ಚಿಸುತ್ತ ಕಾಲ ಕಳೆದರು. ಪಿತೃವಾತ್ಸಲ್ಯವನ್ನು ಕಾಣದ ತರುಣನಿಗೆ ಆ ದೇವನೇ ತಂದೆಯಾದನು. ಇಲ್ಲಿಯವರೆಗಿನ ಕಥೆಯು ಎಷ್ಟೋ ಭಕ್ತರ ಕಥೆಯಂತೆಯೇ ಇರುವುದು.

ವಿಶೇಷವಿರುವುದು ಮುಂದಣ ಘಟ್ಟದಲ್ಲಿ. ಸಂಗಮನಾಥನು ಸ್ವಪ್ನದಲ್ಲಿ ಕಾಣಿಸಿಕೊಂಡು, ಬಿಜ್ಜಳನಿರುವ ಮಂಗಳವಾಡಕ್ಕೆ ಹೋಗೆಂದು ಅಪ್ಪಣೆ ಮಾಡಿದನಂತೆ. ಬಸವಣ್ಣನವರಿಗೆ ಈ ಮಾತು ಸಿಡಿಲೆರಗಿದಂತಾಯಿತು. ನೆಮ್ಮದಿಯ ನೆಲೆಯನ್ನು ಬಿಟ್ಟು ಅರಮನೆಯ ಗದ್ದಲಕ್ಕೆ ಹೋಗಲು ಅವರ ಮನಸ್ಸು ಒಪ್ಪದೆ ಹಂಬಲಿಸಿ ಅತ್ತಿತು. ಆಗ ದೇವನು ಕೈಬಿಡದೆ ನಂದಿಯ ಮುಖದಿಂದ ಅವರ ಕರಸ್ಥಲಕ್ಕೆ ಲಿಂಗವನ್ನು ದಯಪಾಲಿಸಿದನೆಂದು ಹರಿಹರನು ವರ್ಣಿಸುವನು. ಇದನ್ನು ಪವಾಡವೆಂದು ಎಣಿಸುವವರು ಎಣಿಸಲಿ, ಕವಿಕಲ್ಪನೆಯೆಂದು ಎಣಿಸುವವರು ಹಾಗೆಯೇ ಎಣಿಸಲಿ. ಅದರ ಅಭಿಪ್ರಾಯವು ಮಾತ್ರ ಸ್ಪಷ್ಟವಾಗಿದೆ. ಗುಡಿಯಲ್ಲಿ ನಿಂತಿದ್ದ ದೇವನು ಭಕ್ತನೊಡನೆ ಭಂಡಾರದ ಕರಣಿಕಶಾಲೆಗೂ ಹೊರಡಲು ಸಿದ್ಧನಾದನು. ಲೋಕದ ಹೊರೆಯನ್ನು ಹೊರಲಾರೆನೆಂದು ಅಳುವವನಿಗೆ ದೊರೆತುದು ಆ ಹೊರೆಯಿಂದ ಬಿಡುಗಡೆಯಲ್ಲ. ಅದನ್ನು ಹೊರುವುದಕ್ಕೆ ಬೇಕಾದ ಬಲ.

ಉಪಾಸನೆಯ ಕ್ರಮ

ಈ ಉಪಾಸನೆಯ ಕ್ರಮವು ಅತ್ಯಂತ ಸರಳವಾದುದು. ಸ್ನಾನಾನಂತರ ವಿಭೂತಿ ರುದ್ರಾಕ್ಷಿಗಳನ್ನು ಧರಿಸಿ, ಏಕಾಂತದಲ್ಲಿ ಕುಳಿತು, ಕರಡಿಗೆಯೊಳಗಿನ ಇಷ್ಟಲಿಂಗವನ್ನು ತೆಗೆದು ಎಡದ ಅಂಗೈಯಲ್ಲಿರಿಸಿಕೊಳ್ಳುವರು. ನೀರೆರೆದು, ವಿಭೂತಿಯನ್ನು ಧರಿಸಿ, ಹೂಪತ್ರೆಗಳನ್ನು ಏರಿಸಿ, ಮಂತ್ರವನ್ನು ಮೆಲ್ಲನೆ ಜಪಿಸುತ್ತ, ಕಣ್ಣೆವೆಯಿಕ್ಕದೆ ಲಿಂಗವನ್ನು ದಿಟ್ಟಿಸುವರು. ಲಿಂಗದ ಮೇಲಣ ಕಂತೆಯು ಕಪ್ಪಾಗಿ ನುಣುಪಾಗಿರುವುದರಿಂದ ಅದರ ಮೇಲೆ ಬೆಳಕಿನ ಒಂದು ಬಿಂದುವು ಹೊಳೆಯುವುದು. ದೃಷ್ಟಿಯು ಆ ಬಿಂದುವಿನಲ್ಲಿ ನೆಟ್ಟಾಗ ಉಸಿರು ನಿಧಾನವಾಗುವುದು. ಉಸಿರು ನಿಧಾನವಾದಂತೆ ಮನಸ್ಸಿನ ಹರಿದಾಟವು ತಗ್ಗುವುದು. ಹೊರಗೆ ಕಂಡ ಇಷ್ಟಲಿಂಗವು ಕ್ರಮೇಣ ಪ್ರಾಣಲಿಂಗವಾಗಿಯೂ ಭಾವಲಿಂಗವಾಗಿಯೂ ಒಳಗೆ ಅನುಭವಕ್ಕೆ ಬರುವುದೆಂಬುದು ಅನುಭಾವಿಗಳ ಸಿದ್ಧಾಂತ. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯವೆಂಬ ಷಟ್‌ಸ್ಥಲಗಳು ಈ ಒಳಗಿನ ಬೆಳವಣಿಗೆಯ ಮೆಟ್ಟಿಲುಗಳು.

ಈ ಕ್ರಮಕ್ಕೆ ಅರ್ಚಕನು ಬೇಡ, ಗರ್ಭಗುಡಿಯು ಬೇಡ, ಶುಭಮುಹೂರ್ತವೂ ಬೇಡ. ಹೆಣ್ಣು ಗಂಡೆಂಬ ಭೇದವಿಲ್ಲ; ಕುಲದ ಮೇಲುಕೀಳೂ ಇಲ್ಲ. ಅಂಬಿಗನು ಹೊಳೆಯ ದಡದಲ್ಲಿ, ಮಡಿವಳನು ಕಟ್ಟೆಯ ಮೇಲೆ, ಒಕ್ಕಲಿಗನು ಹೊಲದ ಬದುವಿನಲ್ಲಿ ಇದನ್ನು ನೆರವೇರಿಸಬಹುದು. ದುಃಖದಲ್ಲಿರುವವನಿಗೆ ಇದರಿಂದಾಗುವ ಉಪಕಾರವು ಸಣ್ಣದಲ್ಲ. ಮನೆಯೆಲ್ಲ ಕದಡಿರುವಾಗಲೂ ದಿನದಲ್ಲಿ ಒಂದು ಗಳಿಗೆಯು ಕದಡದೆ ಉಳಿಯುವುದು. ಆ ಒಂದು ಗಳಿಗೆಯನ್ನು ಹಿಡಿದುಕೊಂಡು ಉಳಿದ ಗಳಿಗೆಗಳನ್ನು ದಾಟಬಹುದು.

ಧ್ಯಾನಕ್ಕೆ ಒರೆಗಲ್ಲು

ಇಂತಹ ಸುಲಭಸಾಧನಕ್ಕೆ ಒಂದು ಅಪಾಯವೂ ಉಂಟು. ಧ್ಯಾನದ ಸುಖವನ್ನು ಕಂಡವನು ಅದರಲ್ಲಿಯೇ ಅಡಗಿಕೊಳ್ಳಲು ಬಯಸಬಹುದು. ಕಲ್ಯಾಣದ ಶರಣರು ಈ ಅಪಾಯವನ್ನು ಬಲ್ಲವರಾಗಿದ್ದರು. ಶೂನ್ಯಸಂಪಾದನೆಯಲ್ಲಿ ಬರುವ ಆಯ್ದಕ್ಕಿ ಮಾರಯ್ಯನ ಪ್ರಸಂಗವು ಇದಕ್ಕೆ ನಿದರ್ಶನ. ಮಾರಯ್ಯನು ಪ್ರಭುದೇವರ ಅನುಭಾವದ ಮಾತುಗಳಲ್ಲಿ ಮೈಮರೆತು, ಅಕ್ಕಿಯನ್ನು ಆಯುವ ತನ್ನ ಕಾಯಕಕ್ಕೆ ಹೋಗುವುದನ್ನೇ ಮರೆತನು. ಅವನನ್ನು ಎಚ್ಚರಿಸಿ ಕಳುಹಿಸಿದವಳು ಮಡದಿ ಲಕ್ಕಮ್ಮ. ಅವನು ಅವಸರದಲ್ಲಿ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಮಿಗಿಲಾದುದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿ ಹಿಂದಿರುಗಿಸಿದವಳೂ ಅವಳೇ. ಪರಮಾರ್ಥದ ಮಾತಿಗಾಗಿ ಕಾಯಕವನ್ನು ಬಿಡುವುದು ಒಂದು ತಪ್ಪು. ಕಾಯಕದ ನೆಪದಿಂದ ಆಶೆಯನ್ನು ಬೆಳೆಸುವುದು ಮತ್ತೊಂದು ತಪ್ಪು. ಬಡವಳಾದ ಆ ಗೃಹಿಣಿಯು ಒಂದೇ ದಿನದಲ್ಲಿ ಎರಡನ್ನೂ ತಿದ್ದಿದಳು.

ಹುಲ್ಲಿನ ಹಗ್ಗವನ್ನು ಹೊಸೆದು ಮಾರುತ್ತಿದ್ದ ನುಲಿಯ ಚಂದಯ್ಯನ ಕಥೆಯು ಇನ್ನೂ ಕಟುವಾದುದು. ಹುಲ್ಲನ್ನು ಕೊಯ್ಯುವಾಗ ಅವನ ಇಷ್ಟಲಿಂಗವು ಜಾರಿ ನೀರಿಗೆ ಬಿದ್ದಿತು. ಅವನು ಅದಕ್ಕಾಗಿ ಕೆಲಸವನ್ನು ನಿಲ್ಲಿಸಲಿಲ್ಲ. ಲಿಂಗವೇ ಹಿಂದೆ ಬಂದಾಗಲೂ ಸುಲಭವಾಗಿ ಸ್ವೀಕರಿಸಲಿಲ್ಲ. ಮಡಿವಾಳ ಮಾಚಯ್ಯನು ನಡುವೆ ನಿಂತು ಲಿಂಗವನ್ನೂ ಕಾಯಕಕ್ಕೆ ಹಚ್ಚಿದ ಮೇಲೆಯೇ ಅವನು ಒಲಿದನು. ದೇವನಿಗೂ ಕಾಯಕವು ತಪ್ಪದೆಂದು ಹೇಳುವ ಕಥೆಯನ್ನು ಪಠಿಸಿಕೊಂಡು ಬಂದ ಸಮಾಜಕ್ಕೆ, ಪೂಜೆಯು ಸೋಮಾರಿತನದ ಮರೆಯಾಗಲಾರದೆಂದು ಬೇರೆ ಹೇಳಬೇಕಾಗಿಲ್ಲ.

ಸೊನ್ನಲಿಗೆಯ ಸಿದ್ಧರಾಮಯ್ಯನವರ ವೃತ್ತಾಂತವು ಇದಕ್ಕೆ ಇನ್ನೊಂದು ಮಗ್ಗುಲನ್ನು ತೋರಿಸುವುದು. ಈಗಿನ ಸೊಲ್ಲಾಪುರವೇ ಆ ಸೊನ್ನಲಿಗೆ. ಅವರು ಅಲ್ಲಿ ಕೆರೆಯನ್ನು ಕಟ್ಟಿಸಿ, ಲಿಂಗಗಳನ್ನು ಪ್ರತಿಷ್ಠಿಸಿ, ಲೋಕೋಪಕಾರದಲ್ಲಿಯೇ ಮಗ್ನರಾಗಿದ್ದರು. ಅಲ್ಲಮಪ್ರಭುಗಳು ಅಲ್ಲಿಗೆ ಬಂದು ಬಿರುನುಡಿಗಳಿಂದ ಕೆಣಕಿದಾಗ ಸಿದ್ಧರಾಮಯ್ಯನವರಿಗೆ ಕೋಪವು ಉಕ್ಕಿತು. ಇಷ್ಟು ಸತ್ಕಾರ್ಯವನ್ನು ಮಾಡಿದವನೊಳಗೆ ಇಷ್ಟು ಕೋಪವೇಕೆ ಉಳಿಯಿತು? ಅಲ್ಲಮರು ಎತ್ತಿದ ಪ್ರಶ್ನೆಯ ತಿರುಳು ಇದೇ. ಕೊನೆಗೆ ಸಿದ್ಧರಾಮಯ್ಯನವರು ಕಲ್ಯಾಣಕ್ಕೆ ಬಂದು ಚೆನ್ನಬಸವಣ್ಣನವರಿಂದ ಲಿಂಗದೀಕ್ಷೆಯನ್ನು ಪಡೆದು ಶಿವಯೋಗಿಗಳೆನಿಸಿದರು. ಮಾರಯ್ಯನಿಗೆ ಕಾಯಕದ ನೆನಪು ಬೇಕಾಗಿದ್ದಂತೆ ಸಿದ್ಧರಾಮಯ್ಯನವರಿಗೆ ಅಂತರಂಗದ ಶೋಧನೆಯು ಬೇಕಾಗಿದ್ದಿತು. ಒಳಗಣ ದೀಪವಿಲ್ಲದ ಸತ್ಕಾರ್ಯವು ಅಹಂಕಾರಕ್ಕೆ ತಿರುಗುವುದು. ಸತ್ಕಾರ್ಯವಿಲ್ಲದ ದೀಪವು ತನ್ನ ಬತ್ತಿಯನ್ನು ತಾನೇ ಸುಟ್ಟುಕೊಳ್ಳುವುದು.

ಕಲ್ಯಾಣದ ಕೇಡು

ಈ ಒರೆಗಲ್ಲಿಗೆ ಹಚ್ಚುವ ಕಾಲವು ಬೇಗನೆ ಬಂದಿತು. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣಮೂಲದ ಮಧುವರಸನ ಮಗಳಿಗೂ ನಡೆದ ವಿವಾಹವು ಪ್ರಕ್ಷೋಭಕ್ಕೆ ಕಾರಣವಾಗಿ, ಬೀಗರಿಬ್ಬರೂ ಕ್ರೂರಶಿಕ್ಷೆಗೆ ಗುರಿಯಾದರೆಂದು ಪುರಾಣಗಳು ಹೇಳುವುವು. ಬಸವಣ್ಣನವರು ಸಂಗಮಕ್ಕೆ ಮರಳಿ ಅಲ್ಲಿಯೇ ಲಿಂಗೈಕ್ಯರಾದರು. ಕ್ರಿ.ಶ. 1167ರ ಸುಮಾರಿಗೆ ಬಿಜ್ಜಳನ ಕೊಲೆಯಾಯಿತು. ಕಲ್ಯಾಣದ ಶರಣಸಮೂಹವು ಚದರಿಹೋಯಿತು. ಚೆನ್ನಬಸವಣ್ಣನವರ ಮುಂದಾಳುತನದಲ್ಲಿ ಒಂದು ತಂಡವು ವಚನಗಳ ಕಟ್ಟುಗಳನ್ನು ಹೊತ್ತು ಪಡುವಣ ದಟ್ಟಡವಿಯ ಉಳವಿಯನ್ನು ಸೇರಿತೆಂದು ಪ್ರತೀತಿ.

ಅರಮನೆಯಿಲ್ಲ, ಅನುಭವಮಂಟಪವಿಲ್ಲ, ನಾಯಕರಲ್ಲಿ ಅನೇಕರಿಲ್ಲ. ಹೀಗಾದ ಎಷ್ಟೋ ಪಂಥಗಳು ಒಂದೆರಡು ತಲೆಮಾರುಗಳಲ್ಲಿ ಅಳಿದುಹೋಗಿವೆ. ಇಲ್ಲಿ ಹಾಗಾಗಲಿಲ್ಲ. ಬೆಳಗಾವಿ ಸೀಮೆಯ ಅರ್ಜುನವಾಡದಲ್ಲಿ ದೊರೆತ ಕ್ರಿ.ಶ. 1260ರ ಶಾಸನವು ಬಸವಣ್ಣನವರನ್ನು ಹೆಸರೆತ್ತಿ ಸ್ಮರಿಸುವುದು. ಕಲ್ಯಾಣವು ಚದರಿ ಶತಮಾನವೊಂದು ಉರುಳುತ್ತ ಬಂದರೂ ಆ ಹೆಸರು ಕಲ್ಲಿನ ಮೇಲೆ ಕೆತ್ತುವಷ್ಟು ಜೀವಂತವಾಗಿದ್ದಿತು. ಈ ಉಳಿವಿಗೆ ಅನೇಕ ಕಾರಣಗಳಿರಬಹುದು. ಆದರೆ ಪ್ರತಿಯೊಬ್ಬ ಭಕ್ತನೂ ತನ್ನ ಧರ್ಮದ ಕೇಂದ್ರವನ್ನು ತನ್ನ ಎದೆಯ ಮೇಲೆಯೇ ಧರಿಸಿಕೊಂಡು ಓಡಿದನೆಂಬುದು ಅವುಗಳಲ್ಲಿ ಮುಖ್ಯವಾದುದು. ಅಡವಿಯಲ್ಲಿ ತಂಗಿದ ರಾತ್ರಿ ಕಳೆದು ಬೆಳಗಾದೊಡನೆ ಅವನ ಪೂಜೆಯು ಕಲ್ಯಾಣದಲ್ಲಿ ನಡೆದಂತೆಯೇ ನಡೆಯಿತು.

ತೋಟದ ಮೌನ, ಜಗುಲಿಯ ಓಲೆ

ಮುಂದೆ ವಿಜಯನಗರದ ಪ್ರೌಢದೇವರಾಯನ ಕಾಲದಲ್ಲಿ, ಅಂದರೆ ಹದಿನೈದನೆಯ ಶತಮಾನದ ಪೂರ್ವಾರ್ಧದಲ್ಲಿ, ಚದರಿದ ವಚನಗಳನ್ನು ಕೂಡಿಸುವ ಉದ್ಯೋಗವು ಹುರುಪಿನಿಂದ ಸಾಗಿತು. ಲಕ್ಕಣ್ಣ ದಂಡೇಶನಂತಹ ಅಧಿಕಾರಿಗಳೂ ಚಾಮರಸನಂತಹ ಕವಿಗಳೂ ನೂರೊಂದು ವಿರಕ್ತರೂ ಆ ಕಾಲವನ್ನು ಬೆಳಗಿದರು. ಆ ಪರಂಪರೆಯಲ್ಲಿ ಬಂದ ತೋಂಟದ ಸಿದ್ಧಲಿಂಗ ಯತಿಗಳು ಕಗ್ಗೆರೆಯ ತೋಟವೊಂದರಲ್ಲಿ ದೀರ್ಘಕಾಲ ಶಿವಯೋಗದಲ್ಲಿದ್ದರು. ಅವರ ಸುತ್ತ ಹುತ್ತವೇ ಬೆಳೆಯಿತೆಂದು ಜನರು ನಂಬಿದರು. ಆ ಮೌನದಿಂದ ಎದ್ದು ಬಂದವರು ಏನು ಮಾಡಿದರು? ಏಳುನೂರೊಂದು ವಚನಗಳನ್ನು ನುಡಿದರು. ಏಳುನೂರು ವಿರಕ್ತರನ್ನು ಕೂಡಿಕೊಂಡು ನಾಡಿನಲ್ಲೆಲ್ಲ ಸಂಚರಿಸಿದರೆಂದು ಪ್ರಸಿದ್ಧಿಯಿದೆ. ಇಂದಿಗೂ ಎಡೆಯೂರಿನ ಅವರ ಗದ್ದುಗೆಗೆ ಜನರು ತಮ್ಮ ತಮ್ಮ ಅಳಲನ್ನು ಹೊತ್ತು ಬರುವರು.

ಅಲ್ಲಿಂದಾಚೆಗೆ ವಚನಗಳ ಓಲೆಗಟ್ಟುಗಳು ಮಠಗಳಲ್ಲಿಯೂ ಮನೆಗಳಲ್ಲಿಯೂ ದೇವರ ಜಗುಲಿಯನ್ನೇರಿದವು. ಭಕ್ತರು ಅವುಗಳಿಗೆ ವಿಭೂತಿಯನ್ನು ಹಚ್ಚಿ, ಹೂವೇರಿಸಿ ಪೂಜಿಸಿದರು. ಈ ಪೂಜೆಯಿಂದಲೇ ಅವು ಉಳಿದವು. ಆದರೆ ಅನೇಕ ಕಡೆಗಳಲ್ಲಿ ಓದುವವರಿಲ್ಲದೆ ಅವು ಮೂಕವಾದುದೂ ನಿಜ. ನಮಸ್ಕರಿಸುವ ಕೈಗಳು ಕಟ್ಟನ್ನು ಬಿಚ್ಚಲಿಲ್ಲ. ವಿಜಯಪುರದ ನ್ಯಾಯವಾದಿ ಫ. ಗು. ಹಳಕಟ್ಟಿಯವರು (1880–1964) ಊರೂರು ತಿರುಗಿ ಆ ಕಟ್ಟುಗಳನ್ನು ಬಿಚ್ಚಿಸಿದರು. 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಪ್ರಕಟಿಸಿ, ಸ್ವಂತ ಮನೆಯನ್ನು ಮಾರಿ ಮುದ್ರಣಾಲಯವನ್ನು ಸ್ಥಾಪಿಸಿ, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಹೊರಡಿಸಿದರು. ಅರಿವಿಲ್ಲದ ಪೂಜೆಯು ಕಾಪಾಡಬಲ್ಲುದು, ಬೆಳೆಸಲಾರದೆಂಬ ಪಾಠವನ್ನು ಈ ವೃತ್ತಾಂತವು ಕಲಿಸುವುದು.

ಮಂದಿರದಿಂದ ಹೊರಟ ನಾದ

ಹಾನಗಲ್ಲ ಕುಮಾರ ಶಿವಯೋಗಿಗಳು (1867–1930) ಈ ಪಾಠವನ್ನು ಚೆನ್ನಾಗಿ ಅರಿತಿದ್ದರು. ಅವರು 1909ರಲ್ಲಿ ಬಾದಾಮಿಯ ಸಮೀಪದಲ್ಲಿ ಮಲಪ್ರಭೆಯ ದಡದ ಮೇಲೆ ಶಿವಯೋಗಮಂದಿರವನ್ನು ಸ್ಥಾಪಿಸಿದರು. ವಟುಗಳಿಗೆ ಪೂಜಾಕ್ರಮ, ಯೋಗ, ಸಂಸ್ಕೃತ, ವಚನಸಾಹಿತ್ಯಗಳನ್ನು ಕಲಿಸುವುದರೊಂದಿಗೆ ಗೋಶಾಲೆಯನ್ನೂ ವಿಭೂತಿ ತಯಾರಿಕೆಯನ್ನೂ ಅಲ್ಲಿ ನೆಲೆಗೊಳಿಸಿದರು. ಧ್ಯಾನದ ಮನೆಯೂ ದುಡಿಮೆಯ ಮನೆಯೂ ಒಂದೇ ಅಂಗಳದಲ್ಲಿ ನಿಂತವು.

ಅವರ ಕಾರುಣ್ಯದಿಂದ ಬೆಳೆದವರಲ್ಲಿ ಪಂಚಾಕ್ಷರ ಗವಾಯಿಗಳು (1892–1944) ಅಗ್ರಗಣ್ಯರು. ಹುಟ್ಟುಕುರುಡನಾದ ಬಡಹುಡುಗನಿಗೆ ಆ ದಿನಗಳಲ್ಲಿ ಭಿಕ್ಷೆಯ ಹೊರತು ಬೇರೆ ದಾರಿಯು ತೋರುತ್ತಿರಲಿಲ್ಲ. ಕುಮಾರ ಸ್ವಾಮಿಗಳು ಅವರಿಗೆ ಸಂಗೀತಶಿಕ್ಷಣವನ್ನು ಕೊಡಿಸಿದರು. ಕರ್ನಾಟಕ, ಹಿಂದುಸ್ತಾನಿ ಎರಡು ಪದ್ಧತಿಗಳಲ್ಲಿಯೂ ಪಾರಂಗತರಾದ ಗವಾಯಿಗಳು ತಮ್ಮ ಬಾಳನ್ನು ಅಂಧರಿಗೂ ಅನಾಥರಿಗೂ ವಿದ್ಯೆಯನ್ನು ಕೊಡುವುದಕ್ಕಾಗಿ ಮುಡಿಪಿಟ್ಟರು. ಗದಗಿನ ವೀರೇಶ್ವರ ಪುಣ್ಯಾಶ್ರಮವು ಆ ವ್ರತದ ಫಲ. ಶೈಶವದಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡ ಪುಟ್ಟರಾಜ ಗವಾಯಿಗಳು (1914–2010) ಅದನ್ನು ಮುಂದುವರಿಸಿದರು. ಕಣ್ಣಿಲ್ಲದವರಿಗೆ ಲಿಂಗನಿರೀಕ್ಷಣವೆಲ್ಲಿಯದೆಂದು ಸಂದೇಹಪಡುವವರುಂಟು. ಅಂಗೈಯ ಸ್ಪರ್ಶವೂ ಮಂತ್ರದ ನಾದವೂ ಅವರಿಗೆ ದೃಷ್ಟಿಯಾದವು. ವಿಧಿಯು ಒಂದು ಬಾಗಿಲನ್ನು ಮುಚ್ಚಿದಲ್ಲಿ ಭಕ್ತಿಯು ನೂರಾರು ಮಕ್ಕಳಿಗೆ ಬಾಗಿಲನ್ನು ತೆರೆಯಿತು.

ತುಮಕೂರಿನ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು (1907–2019) ಇದೇ ದಾರಿಯಲ್ಲಿ ನಡೆದವರು. ನಸುಕಿಗೆ ಮುಂಚೆಯೇ ಎದ್ದು ಇಷ್ಟಲಿಂಗಪೂಜೆಯನ್ನು ಮುಗಿಸಿ, ಬಳಿಕ ಸಾವಿರಾರು ಮಕ್ಕಳ ಅನ್ನ, ಅಕ್ಷರಗಳ ಚಿಂತೆಯಲ್ಲಿ ಹಗಲನ್ನು ಕಳೆಯುವುದು ಅವರ ನಿತ್ಯದ ನೇಮವಾಗಿದ್ದಿತು. ತಾವು ಲಿಂಗೈಕ್ಯರಾದ ವಾರ್ತೆಯನ್ನು ಮಕ್ಕಳ ಊಟವಾದ ಮೇಲೆಯೇ ತಿಳಿಸಬೇಕೆಂದು ಅವರು ಬಯಸಿದ್ದರೆಂಬ ಸಂಗತಿಯು 2019ರಲ್ಲಿ ನಾಡಿನ ಕಣ್ಣನ್ನು ತೇವಗೊಳಿಸಿತು. ಮರಣವೆಂಬ ಕೊನೆಯ ವಿಪತ್ತಿನ ಮುಂದೆಯೂ ಮನಸ್ಸು ಪರರ ಹಸಿವನ್ನು ಮರೆಯದಿರುವುದಾದರೆ, ಅದಕ್ಕಿಂತ ಮೇಲಾದ ಶಿವಯೋಗಸಿದ್ಧಿಯು ಬೇರೇನಿರುವುದು?

ಸಂಗಮದಲ್ಲಿ ಅತ್ತ ತರುಣನಿಂದ ಹಿಡಿದು ಸಿದ್ಧಗಂಗೆಯ ಆ ವೃದ್ಧಯತಿಗಳವರೆಗೆ ಸುಮಾರು ಎಂಟುನೂರೈವತ್ತು ವರ್ಷಗಳು ಸಂದಿವೆ. ಕ್ಷಾಮಡಾಮರಗಳು ಬಂದುಹೋದವು, ರಾಜ್ಯಗಳು ಎದ್ದು ಬಿದ್ದವು. ಪ್ರಾರ್ಥನೆಯು ಅವುಗಳನ್ನು ತಡೆಯಲಿಲ್ಲ. ತಡೆಯುವುದೆಂದು ಶರಣರು ಎಲ್ಲಿಯೂ ಭಾಷೆ ಕೊಡಲಿಲ್ಲ. ಬಂದ ದುಃಖವು ಮನುಷ್ಯನನ್ನು ಕಿರಿದುಗೊಳಿಸದಂತೆ ಅದು ಕಾಯಿತು. ತನ್ನ ನೋವಿನ ಮೂಲಕ ನೆರೆಯವನ ನೋವನ್ನು ಅರಿಯುವಂತೆ ಅವನನ್ನು ಬೆಳೆಸಿತು. ಮಠಗಳ ಮಹೋತ್ಸವಗಳಲ್ಲಿ ಹಣತೆಗಳು ಸಾಲುಸಾಲಾಗಿ ಬೆಳಗಲಿ. ಅವುಗಳೊಡನೆ ಪ್ರತಿಯೊಂದು ಮನೆಯಲ್ಲಿಯೂ ಮುಂಜಾವದ ಆ ಒಂದು ಗಳಿಗೆಯು ನಿಲ್ಲಲಿ. ಆ ಗಳಿಗೆಯಿಂದ ಎದ್ದ ಕೈಗಳು ಕಾಯಕಕ್ಕೂ ದಾಸೋಹಕ್ಕೂ ಸಲ್ಲಲಿ.