ತಗಡು ಬಡಿಯುವ ವಿದ್ಯೆ

ಮೋಟಾರು ಗಾಡಿಯ ಚರಿತ್ರೆಯನ್ನು ಬರೆದವರು ಎಂಜಿನ್ನನ್ನು ರೂಪಿಸಿದವರ ಹೆಸರುಗಳನ್ನು ತಪ್ಪದೆ ಸ್ಮರಿಸುತ್ತಾರೆ. ಗಾಡಿಯ ಒಡಲು ನೆಗ್ಗಿದಾಗ ಅದನ್ನು ನೇರ್ಪಡಿಸುವ ವಿದ್ಯೆ ಯಾರಿಂದ ಯಾರಿಗೆ, ಯಾವ ಕರಾರಿನ ಮೇಲೆ ಬಂದಿತೆಂಬುದನ್ನು ಹೇಳುವವರು ವಿರಳ. ಆ ವಿದ್ಯೆಯ ಹೊಸ್ತಿಲಲ್ಲಿ ಹತ್ತು ತಿಂಗಳು ಕುಳಿತೆದ್ದವನಾದುದರಿಂದ ಈ ಕೆಲವು ಮಾತುಗಳನ್ನಾಡುವ ಧೈರ್ಯ ಮಾಡಿದ್ದೇನೆ.

1972ರಲ್ಲಿ, ನನಗೆ ಹನ್ನೆರಡು ವರ್ಷವಾಗಿದ್ದಾಗ, ತಂದೆಯವರು ನನ್ನನ್ನು ನಮ್ಮೂರಿನ ಶೆಡ್ಡೊಂದಕ್ಕೆ ಕರೆದೊಯ್ದು, "ಇವನ ಕೈಗೊಂದು ಕೆಲಸ ಹತ್ತಿಸಿ" ಎಂದು ಮೇಸ್ತ್ರಿಗೆ ಒಪ್ಪಿಸಿದರು. ಕಾಗದವಿಲ್ಲ, ರುಜುವಿಲ್ಲ, ಸಂಬಳದ ಮಾತೂ ಇಲ್ಲ. ಮೊದಲ ಮೂರು ತಿಂಗಳು ಹಳೆಯ ಬಣ್ಣವನ್ನು ಕೆರೆಯುವುದೇ ಪಾಠ. ಆಮೇಲೆ ಡಾಲಿ ಕೈಗೆ ಬಂತು. ಡಾಲಿಯೆಂದರೆ ಕಮ್ಮಾರನ ಅಡಿಗಲ್ಲಿನ ಮರಿಯೆನ್ನಬಹುದಾದ, ಅಂಗೈಯಲ್ಲಿ ಹಿಡಿಯುವ ಉಕ್ಕಿನ ತುಂಡು. ಅದನ್ನು ತಗಡಿನ ಒಳಮೈಗೆ ಒತ್ತಿ, ಹೊರಮೈಯನ್ನು ಸುತ್ತಿಗೆಯಿಂದ ತಟ್ಟಬೇಕು. ಮಿತಿ ಮೀರಿ ಬಡಿದರೆ ತಗಡು ತೆಳುವಾಗಿ ಹಿಗ್ಗುತ್ತದೆ, ಗಡುಸಾಗುತ್ತದೆ. ಹಿಗ್ಗಿದುದನ್ನು ಕುಗ್ಗಿಸಲು ಆ ಎಡೆಯನ್ನಷ್ಟೇ ಕೆಂಪಗೆ ಕಾಯಿಸಿ, ತಟ್ಟಿ, ಒದ್ದೆ ಬಟ್ಟೆ ಒತ್ತಬೇಕು. ಕೊನೆಯಲ್ಲಿ ಬಿದ್ದ ಪೆಟ್ಟನ್ನು ಮೊದಲು ತೆಗೆಯಬೇಕು. ಅಪಘಾತವನ್ನು ಹಿಂದಿನಿಂದ ಮುಂದಕ್ಕೆ ಓದಿದಂತೆ. ನೆಗ್ಗು ಹೋಯಿತೆ ಎಂಬುದನ್ನು ಮೇಸ್ತ್ರಿ ಕಣ್ಣಿಂದ ನೋಡುತ್ತಿರಲಿಲ್ಲ, ಅಂಗೈಯಾಡಿಸಿ ತಿಳಿಯುತ್ತಿದ್ದರು. ಕರೆದರೆ ಮಾತ್ರ ಅವರಿಗೆ ಕೇಳಿಸುತ್ತಿರಲಿಲ್ಲ. ಮೂವತ್ತು ವರ್ಷಗಳ ಬಡಿತ ಕಿವಿಯನ್ನು ತಿಂದುಹಾಕಿತ್ತು.

ಈ ಕಸುಬಿಗೂ ಕಾನೂನಿಗೂ ಇರುವ ದೂರ ಹೊಸದಲ್ಲವೆಂದು ತಿಳಿದದ್ದು ಬಹಳ ಕಾಲದ ಮೇಲೆ, ಪುಸ್ತಕಗಳಿಂದ. ಇಂಗ್ಲೆಂಡಿನ 1563ರ ಶಾಸನವು ಕಸುಬು ನಡೆಸಬೇಕಾದವನು ಏಳು ವರ್ಷ ಶಿಷ್ಯನಾಗಿ ದುಡಿದಿರಬೇಕೆಂದು ವಿಧಿಸಿತ್ತು. ಆದರೆ ಕುದುರೆಸಾರೋಟು ಕಟ್ಟುವ ಕಸುಬು ಅಲ್ಲಿಗೆ ಬಂದದ್ದು ಅದರ ಈಚೆಗೆ. ಆದುದರಿಂದ ಅದು ಶಾಸನದ ಹೊರಗುಳಿಯಿತು. ಗಾಲಿ ಮಾಡುವವನು ಸಾರೋಟು ಕಟ್ಟಬಹುದಾಗಿತ್ತು, ಸಾರೋಟು ಕಟ್ಟುವವನು ಗಾಲಿ ಮಾಡುವಂತಿರಲಿಲ್ಲ. ಈ ವಿಚಿತ್ರವನ್ನು ಆಡಂ ಸ್ಮಿತ್ 1776ರಲ್ಲಿ ಎತ್ತಿ ತೋರಿಸಿದ. ಮೋಟಾರಿನ ಒಡಲು ಕಟ್ಟುವ ವಿದ್ಯೆ ಆ ಸಾರೋಟಿನವರ ಕೈಯಿಂದಲೇ ಬಂದದ್ದು.

ನಮ್ಮ ದೇಶದಲ್ಲಿ 1850ರ ಕಾಯಿದೆಯು ಹತ್ತು ದಾಟಿದ ಮಕ್ಕಳನ್ನು, ಮುಖ್ಯವಾಗಿ ಅನಾಥರನ್ನೂ ಬಡವರನ್ನೂ, ಏಳು ವರ್ಷ ಮೀರದ ಕರಾರಿನ ಮೇಲೆ ಕಸುಬಿಗೆ ಒಪ್ಪಿಸಲು ಅವಕಾಶವಿತ್ತಿತು. ಅದನ್ನು ರದ್ದುಗೊಳಿಸಿದ 1961ರ ಅಪ್ರೆಂಟಿಸ್ ಕಾಯಿದೆಯು ಹದಿನಾಲ್ಕು ವರ್ಷದ ಕನಿಷ್ಠ ವಯಸ್ಸು, ಲಿಖಿತ ಕರಾರು, ಮಾಸಿಕ ಭತ್ಯೆಗಳನ್ನು ನಿಗದಿಪಡಿಸಿತು. ನಾನು ಶೆಡ್ಡು ಸೇರಿದಾಗ ಆ ಕಾಯಿದೆಗೆ ಹನ್ನೊಂದು ವರ್ಷ, ನನಗಿಂತ ಒಂದು ವರ್ಷ ಚಿಕ್ಕದು. ನಮ್ಮಿಬ್ಬರ ಭೇಟಿಯಾಗಲಿಲ್ಲ.

ನನ್ನನ್ನು ಶಾಲೆಯ ಉಪಾಧ್ಯಾಯರೊಬ್ಬರು ಬಂದು ಮರಳಿ ತರಗತಿಗೆ ಕರೆದೊಯ್ದರು. ಜೊತೆಯಲ್ಲಿದ್ದ ಇನ್ನೊಬ್ಬ ಹುಡುಗನನ್ನು ಕರೆಯಲು ಯಾರೂ ಬರಲಿಲ್ಲ. ಬಾಲಕಾರ್ಮಿಕ ಕಾನೂನಿಗೆ 2016ರಲ್ಲಾದ ತಿದ್ದುಪಡಿ, ಮನೆಯವರಿಗೆ ನೆರವಾಗುವಂಥ ಕೆಲವು ವಿನಾಯಿತಿಗಳ ಹೊರತು, ಹದಿನಾಲ್ಕರೊಳಗಿನವರನ್ನು ದುಡಿಮೆಗೆ ಹಚ್ಚುವುದನ್ನು ನಿಷೇಧಿಸಿದೆ. ಅದು ನ್ಯಾಯವೇ. ಆದರೆ ಹುಡುಗನನ್ನು ಬಿಡಿಸಿದರಷ್ಟೇ ಸಾಲದು. ಮೇಸ್ತ್ರಿಯ ಅಂಗೈಯಲ್ಲಿರುವುದೂ ವಿದ್ಯೆಯೆಂದು ಒಪ್ಪಿ, ಅದನ್ನು ಹದಿನಾಲ್ಕು ದಾಟಿದವನು ಕಿವಿ ಕಳೆದುಕೊಳ್ಳದೆ ಕಲಿಯುವಂತಾಗಬೇಕು.

ಆ ಗೆಳೆಯನನ್ನು ಈಚೆಗೆ ಕಂಡೆ. ಅವನೀಗ ಮೇಸ್ತ್ರಿ. ಕಾರಿನ ಬಾಗಿಲ ಮೇಲೆ ಅಂಗೈಯಾಡಿಸುತ್ತಿದ್ದ. ನನ್ನ ಹೆಸರನ್ನು ಮೂರು ಸಲ ಕೂಗಿ ಹೇಳಬೇಕಾಯಿತು.