ಬಾಕಿ ವೇತನದ ದಾವೆ

ದುಡಿಸಿಕೊಂಡು ಸಂಬಳ ಕೊಡದ, ತಡಮಾಡುವ ಅಥವಾ ಮುರಿದುಕೊಂಡು ಕೊಡುವ ಮಾಲೀಕನಿಂದ ಕಾರ್ಮಿಕರು ಕಾನೂನಿನ ಮೂಲಕ ಹಣ ವಸೂಲು ಮಾಡುವ ಕ್ರಮ. ಭಾರತದಲ್ಲಿ ಇದರ ಇತಿಹಾಸ ಕಾರ್ಮಿಕನೇ ಕಟಕಟೆಯಲ್ಲಿ ನಿಂತಿದ್ದ ಕಾಲದಿಂದ ಶುರುವಾಗುತ್ತದೆ.

1859ರ ಕರಾರುಭಂಗ ಕಾಯ್ದೆಯಡಿ, ಮುಂಗಡ ಪಡೆದು ಕೆಲಸ ಬಿಟ್ಟವನು ಮ್ಯಾಜಿಸ್ಟ್ರೇಟರ ಆದೇಶಕ್ಕೂ ಮಣಿಯದಿದ್ದರೆ ಮೂರು ತಿಂಗಳವರೆಗೆ ಸಜೆ ಅನುಭವಿಸಬೇಕಿತ್ತು. ಕೂಲಿ ಉಳಿಸಿಕೊಂಡ ಮಾಲೀಕನಿಗೆ ಈ ಕಾಯ್ದೆಯಲ್ಲಿ ಅಂಥ ಭಯವಿರಲಿಲ್ಲ. 1920ರ ದಶಕದಲ್ಲಿ ಕಾಯ್ದೆ ರದ್ದಾಯಿತು.

1929ರಲ್ಲಿ ನೇಮಕವಾದ ವಿಟ್ಲಿ ಆಯೋಗ ಮನಸೋಇಚ್ಛೆ ದಂಡ ಹಾಕುವುದನ್ನೂ ಬಟವಾಡೆ ತಡವಾಗುವುದನ್ನೂ ಪರಿಶೀಲಿಸಿತು. ಅದರ ಬೆನ್ನಿಗೆ 1936ರ ವೇತನ ಪಾವತಿ ಕಾಯ್ದೆ ಬಂತು. ಸಾವಿರಕ್ಕಿಂತ ಕಡಿಮೆ ಜನರಿರುವ ಕಾರ್ಖಾನೆಯಲ್ಲಿ ಸಂಬಳದ ಅವಧಿ ಮುಗಿದ ಏಳನೆಯ ದಿನದೊಳಗೆ, ಉಳಿದೆಡೆ ಹತ್ತನೆಯ ದಿನದೊಳಗೆ ಸಂಬಳ ಕೈಸೇರಬೇಕೆಂದು ಅದು ಗಡುವು ಹಾಕಿತು. ಅಕ್ರಮವಾಗಿ ಮುರಿದುಕೊಂಡ ಹಣಕ್ಕೆ ಹತ್ತು ಪಟ್ಟಿನವರೆಗೆ ಪರಿಹಾರ ಕೇಳಬಹುದಿತ್ತು. ಅರ್ಜಿಯನ್ನು ಕಾರ್ಮಿಕನೇ ಹಾಕಬೇಕೆಂದಿರಲಿಲ್ಲ. ವಕೀಲ, ಇನ್‌ಸ್ಪೆಕ್ಟರ್ ಇಲ್ಲವೇ ಅಧಿಕಾರಪತ್ರ ಪಡೆದ ಸಂಘದ ಪದಾಧಿಕಾರಿ ಹಾಕಬಹುದಿತ್ತು. ಒಂದೇ ಬಗೆಯ ಬಾಕಿಯಿದ್ದವರೆಲ್ಲ ಸೇರಿ ಒಂದೇ ಅರ್ಜಿ ಕೊಡುವ ಅವಕಾಶವೂ ಇತ್ತು. ಮುಂದಿನ ತಿದ್ದುಪಡಿಯೊಂದು ಮೇಲ್ಮನವಿಗೆ ಹೋಗುವ ಮಾಲೀಕ ಮೊದಲು ಹಣ ಠೇವಣಿ ಇಡಬೇಕೆಂದು ಕಟ್ಟುಮಾಡಿತು.

ಆದರೆ ಕಾಯ್ದೆ ಅನ್ವಯಿಸಿದ್ದು ತಿಂಗಳಿಗೆ 200 ರೂಪಾಯಿಗಿಂತ ಕಡಿಮೆ ಸಂಬಳದವರಿಗೆ ಮಾತ್ರ. ಹಲವು ಸಲ ಏರಿದ ಆ ಮಿತಿ 2017ರಲ್ಲಿ 24,000ಕ್ಕೆ ಮುಟ್ಟಿತು.

ಇನ್ನೊಂದು ದಾರಿ 1947ರ ಕೈಗಾರಿಕಾ ವಿವಾದ ಕಾಯ್ದೆಯದಾಗಿತ್ತು. 1956ರಲ್ಲಿ ಸೇರಿದ 33ಸಿ ಕಲಮಿನಡಿ ಕಾರ್ಮಿಕ ನ್ಯಾಯಾಲಯ ಬಾಕಿಯ ಲೆಕ್ಕ ಹಾಕಿಕೊಡುತ್ತಿತ್ತು. ಆ ಹಕ್ಕು ಮೊದಲೇ ಇತ್ಯರ್ಥವಾಗಿರಬೇಕು ಅಥವಾ ಮಾಲೀಕ ಒಪ್ಪಿರಬೇಕು ಎಂದು 1994ರ ಗಣೇಶ್ ರಜಾಕ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಗೆರೆ ಎಳೆಯಿತು. 'ಇವನು ನಮ್ಮ ಆಳೇ ಅಲ್ಲ' ಎಂದು ಮಾಲೀಕ ತಕರಾರೆತ್ತಿದರೆ, ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದ ಗುತ್ತಿಗೆ ಕಾರ್ಮಿಕನ ದಾವೆ ಸೊರಗುತ್ತಿದ್ದುದು ಇದರಿಂದಲೇ.

1982ರ ಏಷ್ಯಾಡ್ ಪ್ರಕರಣ ವಾದದ ನೆಲೆಯನ್ನೇ ಬದಲಿಸಿತು. ಏಷ್ಯನ್ ಕ್ರೀಡಾಕೂಟಕ್ಕಾಗಿ ದೆಹಲಿಯಲ್ಲಿ ನಡೆದ ಕಾಮಗಾರಿಗಳಲ್ಲಿ ದಿನಗೂಲಿ 9.25 ರೂಪಾಯಿ, ಅದರಲ್ಲಿ ಒಂದು ರೂಪಾಯಿ ಆಳುಗಳನ್ನು ಒದಗಿಸುವ ಜಮಾದಾರರ ಪಾಲಾಗುತ್ತಿತ್ತು. ಪತ್ರವೊಂದನ್ನೇ ರಿಟ್ ಅರ್ಜಿಯಾಗಿ ಪರಿಗಣಿಸಿದ ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರ ಪೀಠ, ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆ ಎಂದಿತು.

ಕರ್ನಾಟಕದಲ್ಲಿ 2020ರ ತುಟ್ಟಿಭತ್ಯೆ ಏರಿಕೆಯನ್ನು ಸರ್ಕಾರ ಮುಂದೂಡಿದಾಗ ಹೈಕೋರ್ಟ್ ಅದಕ್ಕೆ ತಡೆ ನೀಡಿತು. ಆ ಏರಿಕೆ ತಿಂಗಳಿಗೆ ಸುಮಾರು 417 ರೂಪಾಯಿ. ಆದರೂ ಅನೇಕ ಗಾರ್ಮೆಂಟ್ಸ್ ಕಾರ್ಮಿಕರಿಗೆ ಬಾಕಿ ಸಿಕ್ಕಿದ್ದು 2022ರಲ್ಲಿ.

2019ರ ವೇತನ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂತು. 1936ರಲ್ಲಿ ಆರು ತಿಂಗಳಿದ್ದ ಅರ್ಜಿಯ ಕಾಲಮಿತಿ ಇದರಲ್ಲಿ ಮೂರು ವರ್ಷವಾಗಿದೆ. ಸಂಬಳ ಕೊಟ್ಟಿದ್ದೇನೆಂದು ರುಜುವಾತುಪಡಿಸುವ ಹೊಣೆ ಈಗ ಮಾಲೀಕನದು.